ತಗ್ಗುಕೋಣೆಯ ಚೆಕ್‌ಲಿಸ್ಟ್

ಆ ಚೆಕ್‌ಲಿಸ್ಟ್ ಬರೆದವಳು ನಾನೇ. ನಲವತ್ತೊಂದು ಸಾಲು, ಎರಡು ಪುಟ, ಲ್ಯಾಮಿನೇಟ್ ಮಾಡಿಸಿ ಬಾಗಿಲ ಹಿಂದೆ ನೇತುಹಾಕಿದ್ದು. ಅದರ ಮೂರು ಸಾಲುಗಳು ಸೇರಿಕೊಂಡು ಒಬ್ಬ ಹೆಂಗಸಿನ ನೆನಪನ್ನೂ ಬಲಗೈಯನ್ನೂ ತಿಂದುಹಾಕಿದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದೆ ಎಂದು ಬರೆಯುವಾಗ ಯಾರೂ ನನ್ನನ್ನು ಮೆಚ್ಚಿಕೊಳ್ಳುವುದು ಬೇಡ.

ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಕೊನೆಯ ಹಂತದ ತಪಾಸಣೆ ಮಾಡುತ್ತಿದ್ದೆ. ನಮ್ಮ ಲೈನ್ ಮುಚ್ಚಿತು. ಮತ್ತಿಗಿರಿಯ ಮನೆಯಲ್ಲಿ ಕೂತು ಗಂಡನ ಚಪ್ಪಲಿಗಳನ್ನು ನೇರ ಸಾಲಿನಲ್ಲಿ ಜೋಡಿಸುವುದೊಂದೇ ನನಗೆ ಉಳಿದ ಕೆಲಸವಾಯಿತು. ಆರು ತಿಂಗಳಲ್ಲಿ ಗಂಡನೂ ರೋಸಿಹೋದ. ಆ ಹೊತ್ತಿಗೆ ಪರಿಚಯದ ನಿವೃತ್ತ ವಕೀಲರೊಬ್ಬರು, ತಮ್ಮ ತಾತನ ಕಾಲದ ಒಂದು ಕಲ್ಲುಮನೆ ಕಾಡಂಚಿನಲ್ಲಿ ಸುಮ್ಮನೆ ಬಿದ್ದಿದೆ, ಅದನ್ನು ಗುತ್ತಿಗೆಗೆ ಕೊಡುತ್ತೇನೆ, ವಾರಾಂತ್ಯಕ್ಕೆ ಬೆಂಗಳೂರಿನವರಿಗೆ ಬಾಡಿಗೆಗೆ ಬಿಟ್ಟು ನಡೆಸುತ್ತೀರಾ ಎಂದು ಕೇಳಿದರು. ನಾನು ನೋಡುವುದಕ್ಕೆ ಮೊದಲೇ ಒಪ್ಪಿಕೊಂಡಿದ್ದೆ. ಐವತ್ತು ದಾಟಿದವಳೂ ಒಂದು ಕೆಲಸವನ್ನು ಸ್ವಂತವಾಗಿ ನಡೆಸಬಲ್ಲಳು ಎಂದು ತೋರಿಸುವ ಹಟ ನನಗೆ.

ಶೂಲಗಿರಿ ದಾಟಿ ವೇಪನಪಲ್ಲಿಯ ಕಡೆಗೆ ತಿರುಗಿ, ಆಂಧ್ರದ ಗಡಿಯ ಗುಡ್ಡಗಳು ಕಾಣಿಸತೊಡಗಿದ ಮೇಲೆ ಮಣ್ಣುದಾರಿಯಲ್ಲಿ ಒಳಗೆ ಹೋಗಬೇಕು. ಸ್ಕೂಟರಿನಲ್ಲಿ ಒಂದೂಮುಕ್ಕಾಲು ಗಂಟೆ. ಬ್ರಿಟಿಷರ ಕಾಲದಲ್ಲಿ ಚಿನ್ನ ಹುಡುಕಿಕೊಂಡು ಬಂದ ಯಾವುದೋ ಕಂಪನಿಯವರು ಅಲ್ಲಿ ಗುಡ್ಡ ಕೊರೆದು, ಸಿಕ್ಕಷ್ಟು ತೆಗೆದು, ಸಿಗದಾದಾಗ ಹೊರಟುಹೋಗಿದ್ದರು. ಅವರು ಬಿಟ್ಟುಹೋದದ್ದು ಲಂಟಾನ ಮುಚ್ಚಿದ ಗುಂಡಿಗಳು, ಬೆಣಚುಕಲ್ಲಿನ ಬಿಳಿ ರಾಶಿಗಳು, ಮತ್ತು ಈ ಮನೆ. ಕೆಳಗಿನ ಹಳ್ಳಿಯವರು ಇವತ್ತಿಗೂ ಅದನ್ನು ಕಂಪ್ನಿ ಮನೆ ಅನ್ನುತ್ತಾರೆ.

ಎರಡೇ ಕೋಣೆ. ಎರಡಡಿ ದಪ್ಪದ ಕಲ್ಲುಗೋಡೆ, ಗಾರೆ, ಮೇಲೆ ಕಲ್ಲುಚಪ್ಪಡಿಯ ಮಾಳಿಗೆ. ಮುಂದೆ ಹಾಲ್. ಹಾಲಿನ ಹಿಂದೆ ಮೂರು ಮೆಟ್ಟಿಲು ಇಳಿದರೆ ಒಂದು ಕೋಣೆ, ಅದರ ಹಿಂಗೋಡೆ ಗುಡ್ಡಕ್ಕೇ ಆತುಕೊಂಡಿದೆ. ಅದನ್ನು ನಾವು ತಗ್ಗುಕೋಣೆ ಎಂದು ಕರೆಯುತ್ತಿದ್ದೆವು. ಮೇ ತಿಂಗಳ ಮಧ್ಯಾಹ್ನವೂ ಅಲ್ಲಿ ಹೊದಿಕೆ ಬೇಕೆನಿಸುತ್ತಿತ್ತು. ಬಾಡಿಗೆಗೆ ಬರುವವರು ಆ ತಂಪಿಗಾಗಿಯೇ ಬರುತ್ತಾರೆ ಎಂದು ಮೊದಲ ದಿನವೇ ನನಗೆ ಗೊತ್ತಾಯಿತು.

ಮನೆ ಗುಡಿಸಿ ಒರೆಸುವುದಕ್ಕೆ ಕೆಳಗಿನ ಹಳ್ಳಿಯ ಹೆಂಗಸೊಬ್ಬಳಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಅವಳಿಗೆ ಮುಂಚೆ ಅವಳ ಅತ್ತೆ ಅದೇ ಕೆಲಸ ಮಾಡಿದ್ದಳು, ಅತ್ತೆಗೆ ಮುಂಚೆ ಅತ್ತೆಯ ಅತ್ತೆ. ಮಾಲೀಕರ ಮನೆಯವರು ವರ್ಷಕ್ಕೊಮ್ಮೆ ಬರಲಿ ಬಾರದಿರಲಿ, ಅಕ್ಕನ ಮನೆಯ ಹೆಂಗಸರು ಬಂದು ಗುಡಿಸಿ ಹೋಗುತ್ತಿದ್ದರಂತೆ. ಅಕ್ಕನಿಗೆ ಒಬ್ಬಳೇ ಮಗಳು. ಅವಳು ಬೆಳಗಿನ ಕಂಪನಿ ಬಸ್ಸು ಹಿಡಿದು ಹೊಸೂರಿನ ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು.

ಮೊದಲ ದಿನ ನಾನು ನೋಟ್‌ಬುಕ್ ಹಿಡಿದು ಅಕ್ಕನ ಕೆಲಸ ನೋಡುತ್ತ ನಿಂತೆ. ಯಾವುದೇ ಕೆಲಸ ಸುಧಾರಿಸುವುದಕ್ಕೆ ಮುಂಚೆ ಇರುವುದನ್ನು ಇದ್ದಹಾಗೆ ಬರೆದುಕೊಳ್ಳಬೇಕು ಎಂಬುದು ನಮ್ಮ ಕಾರ್ಖಾನೆಯ ಪಾಠ. ಅಕ್ಕ ಬಂದವಳು ಪೊರಕೆ ಮುಟ್ಟಲಿಲ್ಲ. ಎರಡೂ ಬಾಗಿಲು ತೆರೆದಳು. ಒಂದು ಪುಟ್ಟ ಕಬ್ಬಿಣದ ಹಣತೆ ಹಚ್ಚಿದಳು. ಮೂಲೆಯಲ್ಲಿದ್ದ ಉದ್ದನೆಯ ಕೋಲಿನ ತುದಿಯ ಕೊಂಡಿಗೆ ಅದನ್ನು ಸಿಕ್ಕಿಸಿ, ಮೇಲಿನ ಮೆಟ್ಟಿಲಲ್ಲೇ ಕುಕ್ಕರಗಾಲಿನಲ್ಲಿ ಕೂತು, ತಗ್ಗುಕೋಣೆಯ ನೆಲಕ್ಕೆ ಇಳಿಸಿದಳು. ಆಮೇಲೆ ಹಾಲ್ ಗುಡಿಸತೊಡಗಿದಳು. ಗುಡಿಸಿ ಮುಗಿದ ಮೇಲೆ ಬಂದು ದೀಪ ನೋಡಿದಳು. ಉರಿಯುತ್ತಿತ್ತು. ಕೈ ಮುಗಿದು ಒಳಗಿಳಿದಳು.

ಇನ್ನೊಂದು ದಿನ ದೀಪ ಆರಿತ್ತು. ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ ಸೆರಗು ಸರಿಮಾಡಿಕೊಂಡಳು.

"ಅಮ್ಮ ಒಳಗವ್ಳೆ ಮೇಡಂ. ಇವತ್ತು ಇಳಿಯಂಗಿಲ್ಲ. ಬಾಗ್ಲು ತೆಗ್ದೇ ಇರ್ಲಿ, ನಾಳೆ ಬತ್ತೀನಿ."

ಯಾವ ಅಮ್ಮ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಅಮ್ಮ ಎಂದರೆ ಸಾಕು, ಮುಂದೆ ಕೇಳುವಂತಿಲ್ಲ. ಆ ಕೋಲನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು. ದೇವರಿಗೆ ದೀಪ ಇಡುವವರು ಹತ್ತಿರ ಹೋಗಿ ಮೊಣಕಾಲೂರಿ ಇಡುತ್ತಾರೆ. ದೂರದಲ್ಲಿ ಕೂತು ಕೋಲಿನಿಂದ ಯಾರೂ ಇಳಿಸುವುದಿಲ್ಲ. ನಾನು ನೋಟ್‌ಬುಕ್ಕಿನಲ್ಲಿ 'ಪೂಜೆ, ಇಪ್ಪತ್ತು ನಿಮಿಷ' ಎಂದು ಬರೆದುಕೊಂಡೆ.

ಬಾಡಿಗೆ ಶುರುವಾದ ಮೇಲೆ ಒಂದೊಂದೇ ದೂರು ಬರತೊಡಗಿತು. ನೆಲದ ಮೇಲೆ ಎಣ್ಣೆಯ ಕಪ್ಪು ಕಲೆ. ತಗ್ಗುಕೋಣೆಯ ಮೂಲೆಯಲ್ಲಿ, ನೆಲಕ್ಕೆ ಸಮನಾಗಿ, ಹೊರಗಿನ ಇಳಿಜಾರಿಗೆ ತೆರೆಯುವ ಮೋರಿಕಿಂಡಿಯೊಂದಿತ್ತು, ಅದರಿಂದ ಚೇಳು ಒಳಗೆ ಬಂತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಒಂದು ಹೊಸ ಜೋಡಿ. ಮದುವೆಯಾಗಿ ತಿಂಗಳಾಗಿದ್ದವರು ತಗ್ಗುಕೋಣೆಗೆಂದೇ ಬುಕ್ ಮಾಡಿ ಬಂದ ದಿನ 'ಅಮ್ಮ ಒಳಗಿದ್ದಳು'. ಅವರು ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿ, ಊರಿಗೆ ಹೋದ ಮೇಲೆ ಆ್ಯಪಿನಲ್ಲಿ ಎರಡು ಸ್ಟಾರ್ ಕೊಟ್ಟು, ಈ ಮನೆಯಲ್ಲಿ ದೇವರು ರೂಮ್ ಖಾಲಿ ಮಾಡುವುದಿಲ್ಲ ಎಂದು ಬರೆದರು. ಮಾಲೀಕರು ಫೋನ್ ಮಾಡಿ ನಕ್ಕರು. ಆ ನಗು ನನಗೆ ನಾಟಿತು.

ಕಾರ್ಖಾನೆಯಲ್ಲಿ ನಮಗೊಂದು ಅಭ್ಯಾಸ ಕಲಿಸಿದ್ದರು. ಯಾವ ತೊಂದರೆ ಬಂದರೂ ಐದು ಸಲ ಯಾಕೆ ಎಂದು ಕೇಳಬೇಕು. ಐದನೆಯ ಯಾಕೆಗೆ ಬೇರು ಸಿಗುತ್ತದೆ. ಉತ್ತರವಿಲ್ಲದ ಕೆಲಸ ದಂಡದ ಕೆಲಸ, ತೆಗೆದುಹಾಕಬೇಕು. ನಾನು ಅಕ್ಕನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದೆ.

"ದೀಪ ಯಾಕೆ ನೆಲದ ಮೇಲೇ ಇಡಬೇಕು ಅಕ್ಕ?"

"ನೆಲದ್ ಮ್ಯಾಲೇ ಇಕ್ಕಬೇಕು ಮೇಡಂ."

"ಅದೇ, ಯಾಕೆ?"

"ನಮ್ಮತ್ತೆ ಅಂಗೇ ಇಕ್ತಿದ್ಲು."

"ಅವರು ಯಾಕೆ ಹಾಗೆ ಇಡ್ತಿದ್ರು?"

"ಅವ್ರತ್ತೆ ಏಳಿಕೊಟ್ಟವ್ರೆ."

"ಮೇಲೆ ಗೋಡೆಯ ಗೂಡಿನಲ್ಲಿಟ್ಟರೆ ಏನಾಗುತ್ತೆ?"

ಅಕ್ಕ ಸುಳ್ಳು ಹೇಳುವವಳಲ್ಲ, ಇಲ್ಲದ ಕಥೆ ಕಟ್ಟುವವಳೂ ಅಲ್ಲ. "ಗೊತ್ತಿಲ್ಲ ಮೇಡಂ. ಯಾರೂ ಇಕ್ಕಿಲ್ಲ," ಎಂದಳು.

ಐದನೆಯ ಯಾಕೆ ಕೇಳುವ ಅಗತ್ಯವೇ ಬೀಳಲಿಲ್ಲ. ನಾನು ಆ ಸಾಲಿನ ಮೇಲೆ ಗೆರೆ ಎಳೆದೆ. ಕೇಳಿದ ಪ್ರಶ್ನೆಗಳೆಲ್ಲ ಸರಿಯಾಗಿಯೇ ಇದ್ದವು. ಕೇಳಬೇಕಾದದ್ದು ಅವಳನ್ನಲ್ಲ, ಆ ಕೋಣೆಯನ್ನು. ಆರುವ ದೀಪ ಯಾಕೆ ಆರುತ್ತದೆ ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು.

ಹೀಗೆ ಹೊಸ ಚೆಕ್‌ಲಿಸ್ಟ್ ತಯಾರಾಯಿತು. ಅಕ್ಕನಿಗೆ ಓದು ಬಾರದ್ದರಿಂದ ಸಾಲಿಗೊಂದು ಚಿತ್ರ ಹಾಕಿಸಿದೆ. ಒಂಬತ್ತನೆಯ ಸಾಲು: ಮೋರಿಕಿಂಡಿ ಮುಚ್ಚಿದೆಯೇ ನೋಡುವುದು. ಕಿಂಡಿಗೆ ನಾನೇ ನಿಂತು ಸಿಮೆಂಟ್ ತುಂಬಿಸಿದ್ದೆ. ಹದಿನೇಳನೆಯ ಸಾಲು: ಗೂಡಿನ ದೀಪ ಆನ್ ಮಾಡುವುದು. ತಗ್ಗುಕೋಣೆಯ ಗೋಡೆಯಲ್ಲಿ ಕಣ್ಣಿನ ಎತ್ತರಕ್ಕೆ ಒಂದು ಗೂಡಿತ್ತು. ಅಲ್ಲಿ ಹಿತ್ತಾಳೆಯ ಹಣತೆಯೊಳಗೆ ಬ್ಯಾಟರಿಯ ಪುಟ್ಟ ಬಲ್ಬು ಕೂರಿಸಿದ್ದೆ, ಫೋಟೋಗಳಲ್ಲಿ ಅದು ಬಹಳ ಚೆನ್ನಾಗಿ ಬರುತ್ತಿತ್ತು. ಇಪ್ಪತ್ತೆರಡನೆಯ ಸಾಲು: ಒರೆಸುವಾಗಲೂ ಬಾಗಿಲು ಮುಚ್ಚಿರಬೇಕು, ತಂಪು ಹೊರಗೆ ಹೋಗಬಾರದು. ಬಾಗಿಲಿನಡಿಗೆ ರಬ್ಬರ್ ಪಟ್ಟಿ ಹೊಡೆಸಿದೆ, ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದೆ. ಮಾಪ್ ಬೇಡ, ಕೆಂಪುನೆಲವನ್ನು ಕೂತು ಬಟ್ಟೆಯಿಂದಲೇ ಒರೆಸಬೇಕು ಎಂಬುದನ್ನೂ ಸೇರಿಸಿದೆ. ಹಾಗೆ ಒರೆಸಿದರೇ ಅದಕ್ಕೆ ಹೊಳಪು.

ಹಣತೆಯನ್ನು ಗೂಡಿನಲ್ಲಿಟ್ಟ ದಿನ ಅಕ್ಕ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಇಳೀಲಾ ಮೇಡಂ?"

"ಇಳಿ ಅಕ್ಕ. ಅಮ್ಮ ಈಗ ಮೇಲೆ ಕೂತಿದ್ದಾಳೆ, ಆರಾಮವಾಗಿದ್ದಾಳೆ," ಎಂದೆ.

ಅವಳು ನಕ್ಕಳು, ನನ್ನನ್ನು ಮೆಚ್ಚಿಸುವುದಕ್ಕೆ. ಇಳಿದಳು.

ಹತ್ತು ವಾರ ಎಲ್ಲವೂ ಲೈನಿನ ಮೇಲೆ ಓಡಿತು. ಸ್ಟಾರ್‌ಗಳು ಏರಿದವು. 'ನೂರು ವರ್ಷದ ಚಿನ್ನದ ಗಣಿಯ ತಂಪು' ಎಂದು ಯಾರೋ ಬರೆದರು, ಆ ಮಾತನ್ನು ನಾನು ಜಾಹೀರಾತಿಗೆ ಎತ್ತಿಕೊಂಡೆ. ಬೆಳಗ್ಗೆ ತಲೆ ಭಾರ ಎಂದು ಒಬ್ಬಿಬ್ಬರು ಹೇಳಿದ್ದುಂಟು. ರಾತ್ರಿ ಅವರು ಖಾಲಿ ಮಾಡಿದ ಬಾಟಲಿಗಳನ್ನು ಎಣಿಸಿದವಳು ನಾನಾದ್ದರಿಂದ ತಲೆ ಕೆಡಿಸಿಕೊಳ್ಳಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ. ಬೆಳಗ್ಗಿನಿಂದ ಗಾಳಿಯಾಡದ ಸೆಕೆ, ಗುಡ್ಡದ ಹಿಂದೆ ಮಳೆ ಕಟ್ಟಿಕೊಂಡಿತ್ತು. ಹನ್ನೊಂದಕ್ಕೆ ಒಂದು ಕುಟುಂಬ ಹೊರಟಿತು, ಎರಡಕ್ಕೆ ಇನ್ನೊಂದು ಬರಬೇಕು. ಅಕ್ಕ ಬಕೆಟ್ಟು ಹಿಡಿದು ತಗ್ಗುಕೋಣೆಗೆ ಇಳಿದಳು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾನು ಜಗಲಿಯಲ್ಲಿ ನಿಂತು ಬರುವವರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದೆ. ಜೂಜುವಾಡಿಯ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದೇವೆ ಎಂದು ಅವರು ಗೊಣಗುತ್ತಿದ್ದರು. ಇಪ್ಪತ್ತು ನಿಮಿಷವಾಗಿರಬೇಕು. ಒಳಗಿಂದ ಬಕೆಟ್ಟಿನ ಸದ್ದೇ ಬರುತ್ತಿಲ್ಲ ಎಂದು ಆಮೇಲೆ ಹೊಳೆಯಿತು.

ಬಾಗಿಲು ತಳ್ಳಿದೆ. ಗೂಡಿನಲ್ಲಿ ಬ್ಯಾಟರಿ ದೀಪ ಚೆನ್ನಾಗಿ ಬೆಳಗುತ್ತಿತ್ತು. ಅದರ ಕೆಳಗೆ, ಮಂಚದ ಕಾಲಿನ ಬಳಿ, ಅಕ್ಕ ಒರೆಸುತ್ತಿದ್ದ ಭಂಗಿಯಲ್ಲೇ ಮುಂದಕ್ಕೆ ಕುಸಿದಿದ್ದಳು. ಕೆನ್ನೆ ಒದ್ದೆ ನೆಲಕ್ಕೆ ಅಂಟಿಕೊಂಡಿತ್ತು, ತುಟಿ ನೀಲಿ.

ನಾನು ಇಳಿದು ಬಗ್ಗಿದೆ. ಬಗ್ಗಿದೊಡನೆ ನನ್ನ ಕಾಲುಗಳು ನನ್ನವಲ್ಲ ಎನ್ನಿಸಿತು. ಎದೆ ಏದುಸಿರು ಬಿಡುತ್ತಿದೆ, ಆದರೂ ಉಸಿರು ಸಿಗುತ್ತಿಲ್ಲ. ಎದ್ದು ಮೇಲಿನ ಮೆಟ್ಟಿಲಿಗೆ ಬಂದೆ, ಸರಿಹೋಯಿತು. ಬಾಗಿಲು ಮುಚ್ಚಿಕೊಳ್ಳದಂತೆ ಕುರ್ಚಿ ಅಡ್ಡವಿಟ್ಟು, ಬಾಯಿ ತುಂಬ ಗಾಳಿ ತುಂಬಿಕೊಂಡು ಮತ್ತೆ ಇಳಿದೆ. ಮಂಚದ ಮೇಲಿನ ಬೆಡ್‌ಶೀಟ್ ಕಿತ್ತು ಅವಳ ಕಂಕುಳಡಿಗೆ ಹಾಯಿಸಿ, ನಾಲ್ಕು ಸಲ ಇಳಿದು ಹತ್ತಿ, ಮೂರು ಮೆಟ್ಟಿಲು ಎಳೆದೆ. ಜಗಲಿಗೆ ತಂದು ಹಾಕಿದಾಗ ಅವಳು ಒಮ್ಮೆ ಗೊರಕೆಯಂಥ ಉಸಿರು ತೆಗೆದಳು. ಕೆಳಗಿನ ಹಳ್ಳಿಯ ಟೊಮೆಟೊ ಗಾಡಿಯಲ್ಲಿ ವೇಪನಪಲ್ಲಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕೃಷ್ಣಗಿರಿಗೆ ಹೋದೆವು.

ದಾರಿಯಲ್ಲೇ ಮಾಲೀಕರಿಗೆ ಫೋನ್ ಮಾಡಿದೆ. ಅವರು ಹೇಳಿದರು, "ನೋಡಮ್ಮಾ, ವಯಸ್ಸಾದೋರು, ಬೆಳಗ್ಗೆ ತಿಂದಿರಲ್ಲ. ತಲೆಸುತ್ತು ಬಂದು ಬಿದ್ಲು ಅಂತ ಹೇಳು. ಬೇರೆ ಏನೂ ಎಳೀಬೇಡ."

ಆಸ್ಪತ್ರೆಯಲ್ಲಿ ಹರೆಯದ ಡಾಕ್ಟರು ಅಕ್ಕನ ಮುಖಕ್ಕೆ ಆಕ್ಸಿಜನ್ ಹಾಕುತ್ತ ತಮಿಳಿನಲ್ಲಿ ಕೇಳಿದರು, "ಪೊಗೈ, ಗ್ಯಾಸ್, ಕಿಣರು... ಅಪ್ಪಡಿ ಏದಾವದು ಇರುಂದುದಾ?" ಹೊಗೆ, ಗ್ಯಾಸು, ಬಾವಿ, ಅಂಥದ್ದೇನಾದರೂ ಇತ್ತೇ ಎಂದು. ನನ್ನ ಕಾಲುಗಳಿಗೆ ಉತ್ತರ ಗೊತ್ತಿತ್ತು.

"ಇಲ್ಲೆ ಸಾರ್," ಎಂದೆ. "ತಲೈ ಸುತ್ತಿ ವಿಳುಂದುಟ್ಟಾಂಗ."

ತಲೆ ಸುತ್ತಿ ಬಿದ್ದಳು ಎಂದು ಅವರು ಹಾಗೆಯೇ ಬರೆದುಕೊಂಡರು. ನನ್ನ ಬದುಕಿನಲ್ಲಿ ನಾನು ತಪ್ಪೆಂದು ಗೊತ್ತಿದ್ದೇ ಪಾಸ್ ಮಾಡಿದ ಮೊದಲ ಪೀಸು ಅದು.

ಅಕ್ಕ ಮೂರನೆಯ ದಿನವೂ ಕಣ್ಣು ಬಿಡಲಿಲ್ಲ. ಅವತ್ತು ನಾನು ಒಬ್ಬಳೇ ಕಂಪ್ನಿ ಮನೆಗೆ ಹೋದೆ. ಮೇಣದಬತ್ತಿ ಹಚ್ಚಿ ಅಕ್ಕನ ಕೋಲಿನಿಂದಲೇ ತಗ್ಗುಕೋಣೆಗೆ ಇಳಿಸಿ ಅರ್ಧ ಗಂಟೆ ಕೂತೆ. ಮಳೆ ಸುರಿದು ಆಕಾಶ ತೊಳೆದಂತಿತ್ತು, ಚಳಿಗಾಳಿ ಬೀಸುತ್ತಿತ್ತು. ಬತ್ತಿ ಕೊನೆಯವರೆಗೂ ಉರಿಯಿತು. ನನಗೆ ಸಂತೋಷವಾಯಿತು. ತಪ್ಪು ನನ್ನದಲ್ಲ, ಅಕ್ಕನ ರಕ್ತದ ಕೊರತೆಯದು, ಹಸಿವಿನದು ಎಂದು ಹಾಡಿಕೊಂಡು ಸ್ಕೂಟರ್ ಹತ್ತಿದೆ. ಆ ಸಂತೋಷ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆದರೆ ತಪಾಸಣೆಯವಳಿಗೆ ಒಂದೇ ರೀಡಿಂಗ್ ಸಾಲದು. ಅವಲಪಲ್ಲಿಯಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು ಗಡಿಯಾಚೆಯ ಚಿನ್ನದ ಗಣಿಯಲ್ಲಿ ಸುರಂಗದೊಳಗಿನ ಗಾಳಿ ಪರೀಕ್ಷಿಸುವ ಮೇಸ್ತ್ರಿಯಾಗಿದ್ದವರು. ಅವರ ಸೊಸೆ ನನ್ನ ಲೈನಿನಲ್ಲಿ ಕೆಲಸ ಮಾಡಿದ್ದಳು. ಹೋಗಿ ನಡೆದದ್ದನ್ನು ಹೇಳಿದೆ. ಅವರು ಕಾಫಿ ಮುಗಿಸಿ, ಕಿಟಕಿಯಿಂದ ಆಕಾಶ ನೋಡಿ, "ಇವತ್ತು ಬೇಡ. ಮಳೆ ಕಟ್ಟಿಕೊಂಡು ಉಸಿರು ಕಟ್ಟೋ ಅಂಥ ದಿನ ಬಂದು ಕರೀರಿ," ಎಂದರು. ಆಕಾಶ ಭಾರವಾದಾಗ ಹಳೆಯ ಗಣಿಯ ಗಾಳಿ ಹೊರಕ್ಕೆ ಬರುತ್ತದೆ, ಆಕಾಶ ತಿಳಿಯಾದಾಗ ಒಳಕ್ಕೆ ಹೋಗುತ್ತದೆ ಎಂದು ವಿವರಿಸಿದರು. ಅಂಥ ದಿನ ಆರನೆಯ ದಿನಕ್ಕೆ ಬಂತು. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ.

ಮೇಸ್ತ್ರಿ ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಕೋಣೆಯನ್ನಲ್ಲ, ಮೂಲೆಯ ಕೋಲನ್ನು. ಕೈಗೆತ್ತಿಕೊಂಡು ಕೊಂಡಿಯನ್ನು ಬೆರಳಿನಿಂದ ಸವರಿದರು.

"ಇದು ಯಾರದು?"

"ಇಲ್ಲಿ ಗುಡಿಸೋ ಹೆಂಗಸಿನದು. ಅವಳ ಅತ್ತೆಯ ಕಾಲದ್ದು."

"ಇದು ನಮ್ಮ ಕೆಲಸದ ಕೋಲಮ್ಮ," ಎಂದರು. "ಹಿಂದಿನ ಕಾಲದಲ್ಲಿ ಇದರಲ್ಲೇ ದೀಪ ಇಳಿಸಿ ನೋಡ್ತಿದ್ವಿ."

ಮೇಣದಬತ್ತಿಯನ್ನು ಡಬ್ಬಿಯಲ್ಲಿ ನಿಲ್ಲಿಸಿ ಕೊಂಡಿಗೆ ಹಾಕಿ ಮೆಲ್ಲಗೆ ಇಳಿಸಿದರು. ಸೊಂಟದ ಎತ್ತರದಲ್ಲಿ ಉರಿ ನೆಟ್ಟಗಿತ್ತು. ಮೊಣಕಾಲಿನ ಎತ್ತರಕ್ಕೆ ಬಂದಾಗ ಸಣ್ಣಗಾಗಿ ಎಳೆದಾಡಿತು. ಇನ್ನೆರಡು ಬೆರಳು ಇಳಿಯಿತು, ಆರಿತು. ಮತ್ತೆ ಹಚ್ಚಿದರು, ಅದೇ ಎತ್ತರದಲ್ಲಿ ಮತ್ತೆ ಆರಿತು. ಮೂರನೆಯ ಸಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಸಿದರು. ಕೂತು ನೆಲ ಒರೆಸುವವಳ ಮೂಗು ಎಲ್ಲಿರುತ್ತದೋ ಆ ಗೆರೆ ಅದಕ್ಕಿಂತ ಸ್ವಲ್ಪ ಮೇಲಿತ್ತು. ಮಂಚ ಅದಕ್ಕಿಂತ ಒಂದು ಗೇಣು ಎತ್ತರ, ಬಾಡಿಗೆಯವರ ಅದೃಷ್ಟ.

"ಹಿಂದುಗಡೆ ಸುರಂಗದ ಬಾಯಿಗೆ ಈ ಗೋಡೆ ಕಟ್ಟವ್ರೆ," ಮೇಸ್ತ್ರಿ ಹೇಳಿದರು. "ಸಂದಿಯಿಂದ ಕೆಟ್ಟ ಗಾಳಿ ಬರುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ನೀರಿನ ಥರ ತಗ್ಗಲ್ಲಿ ನಿಲ್ಲುತ್ತೆ. ಅದು ಹರಿದುಹೋಗೋಕೆ ನೆಲದಲ್ಲೊಂದು ಕಿಂಡಿ ಇರಬೇಕಲ್ಲ?"

ನಾನು ಮೂಲೆ ತೋರಿಸಿದೆ. ಅವರು ಸಿಮೆಂಟಿನ ತೇಪೆಯನ್ನು ನೋಡಿದರು.

"ಕಟ್ಟಿದೋನು ತಿಳಿದೋನು. ಮುಚ್ಚಿದೋನು ಯಾವ ದಡ್ಡ?"

"ನಾನೇ," ಎಂದೆ.

ಅವರು ಬತ್ತಿಯನ್ನು ಜೇಬಿಗೆ ಹಾಕಿಕೊಂಡು ಜಗಲಿಗೆ ಹೋಗಿ ಕೂತರು. ನಾನು ಬಾಗಿಲುಗಳನ್ನು ತೆರೆದಿಟ್ಟು, ಹೊರಗಿನಿಂದ ಸುತ್ತಿಹೋಗಿ, ಸ್ಕೂಟರಿನ ಸ್ಪ್ಯಾನರ್ ಮತ್ತು ಒಂದು ಬೆಣಚುಕಲ್ಲಿನಿಂದ ಆ ತೇಪೆಯನ್ನು ಒಡೆದೆ. ಮುಕ್ಕಾಲು ಗಂಟೆ ಹಿಡಿಯಿತು. ಕಿಂಡಿ ತೆರೆದ ಮೇಲೆ ಮೇಸ್ತ್ರಿ ಅದರ ಮುಂದೆ ಬತ್ತಿ ಹಿಡಿದರು. ಅದೂ ಆರಿತು. ಆಗ ನಾನು ಲಂಟಾನದ ಮಧ್ಯೆ ಕೂತು ಅತ್ತೆ.

ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡೇ ಅಲ್ಲಿಂದ ನೇರ ಕೃಷ್ಣಗಿರಿಯ ಆಸ್ಪತ್ರೆಗೆ ಹೋದೆ. ಮಾಲೀಕರನ್ನು ಕೇಳಲಿಲ್ಲ. ಡಾಕ್ಟರಿಗೆ ಎಲ್ಲ ಹೇಳಿದೆ, ನಾನು ಸುಳ್ಳಾಡಿದ್ದನ್ನೂ ಹೇಳಿದೆ. ಅವರು ಹಳೆಯ ಸಾಲು ಹೊಡೆದು ಹೊಸದನ್ನು ಬರೆದರು. ಮೊದಲೇ ಹೇಳಿದ್ದರೆ ಬೇರೆಯಾಗುತ್ತಿತ್ತೇ ಎಂದು ಕೇಳಿದೆ. "ಆಕ್ಸಿಜನ್ ಕೊಟ್ಟೇ ಇದ್ದೆವು," ಎಂದಷ್ಟೇ ಅಂದು ಮುಂದಿನ ಹಾಸಿಗೆಗೆ ಹೋದರು. ಅದರೊಂದಿಗೆ ನಾನು ಬದುಕಬೇಕು.

ಅಕ್ಕನ ಮಗಳು ವರಾಂಡದಲ್ಲಿ ಕೂತಿದ್ದಳು, ಕಾರ್ಖಾನೆಯ ನೀಲಿ ಕೋಟು ಇನ್ನೂ ಮೈಮೇಲಿತ್ತು. ಅವಳ ಎದುರು ನಿಂತು, ನಿಮ್ಮಮ್ಮನನ್ನು ಬೀಳಿಸಿದ್ದು ನನ್ನ ಹಾಳೆ ಎಂದೆ.

"ನಂಗೊತ್ತು," ಎಂದಳು. "ನೀವು ದೀಪ ಮ್ಯಾಲಿಕ್ಕಿದ ದಿನ ಅಮ್ಮ ಮನೆಗ್ ಬಂದು ಉಣ್ಣಲಿಲ್ಲ. ಕೆಲ್ಸ ಬುಟ್ಬುಡು ಅಂದೆ. ಮೇಡಂ ಓದ್ದೋರು, ಅವ್ರಿಗೆ ಗೊತ್ತಿರ್ತೈತೆ ಅಂದ್ಲು."

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ.

ಅಕ್ಕ ಮನೆಗೆ ಬಂದಳು, ಜೀವ ಉಳಿಯಿತು. ಬಲಗೈ ಮಡಿಚಿಕೊಂಡೇ ಇರುತ್ತದೆ. ಮಗಳನ್ನು ಎಂದೋ ಸತ್ತ ತಂಗಿಯ ಹೆಸರಿನಿಂದ ಕರೆಯುತ್ತಾಳೆ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಪ್ರತಿ ಸಲವೂ ನಗುತ್ತಾಳೆ, ಕೂತ್ಕೋ ಎನ್ನುತ್ತಾಳೆ.

ಮಾಲೀಕರಿಗೆ ತಗ್ಗುಕೋಣೆ ಮುಚ್ಚಿಬಿಡೋಣ ಎಂದೆ. "ತಂಪುಕೋಣೆ ಇಲ್ದೆ ಆ ಕಲ್ಲುಮನೇಲಿ ಏನಮ್ಮಾ ಇದೆ? ಯಾರೋ ಮುದುಕ ಮೇಣದಬತ್ತಿ ಆರಿಸಿದ್ದಕ್ಕೆ ಬೀಗ ಹಾಕ್ಲಾ?" ಎಂದರು. ಬುಕಿಂಗ್‌ಗಳನ್ನೆಲ್ಲ ರದ್ದು ಮಾಡಿ ಬೀಗದಕೈಯನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದೆ. ಒಬ್ಬರು ಮೀಟರ್ ಹಿಡಿದು ಬಂದರು, ತಿಳಿಯಾದ ಬಿಸಿಲಿನ ದಿನ. ಮೋಡ ಕಟ್ಟಿದ ದಿನ ಬನ್ನಿ ಎಂದು ಬೇಡಿಕೊಂಡೆ. ಅವರಿಗೆ ಅವತ್ತೇ ಇನ್ನೆರಡು ಊರಿತ್ತು. 'ಅನಿಲ ಕಂಡುಬಂದಿಲ್ಲ' ಎಂದು ಬರೆದುಕೊಂಡು ಹೋದರು. ನನ್ನ ಮೂರನೆಯ ದಿನದ ಬತ್ತಿ ಹೇಳಿದ್ದನ್ನೇ ಆ ಮೀಟರೂ ಹೇಳಿತ್ತು. ಆ್ಯಪಿನಲ್ಲಿ ಎಚ್ಚರಿಕೆ ಬರೆದೆ, ಎರಡು ದಿನದಲ್ಲಿ ಅದು ಅಳಿಸಿಹೋಯಿತು.

ತಿಂಗಳೊಳಗೆ ಮಾಲೀಕರು ಬೆಂಗಳೂರಿನ ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟರು. ಕಿಂಡಿಗೆ ಮತ್ತೆ ಸಿಮೆಂಟ್ ಬಿತ್ತು. ಹೊಸ ಮೇನೇಜರಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಆತ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ. "ಮೇಡಂ, ಊರವರ ನಂಬಿಕೆಯ ವಿಷಯ ಅಂತ ಓನರ್ ಸಾರ್ ಹೇಳಿದ್ರು. ನಿಮ್ಮ ಚೆಕ್‌ಲಿಸ್ಟ್ ಮಾತ್ರ ಸೂಪರ್. ಅದನ್ನೇ ಇಟ್ಕೊಂಡಿದೀವಿ, ಒಂದಕ್ಷರ ಬದಲಾಯಿಸಿಲ್ಲ," ಎಂದ.

ಆಮೇಲೆ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೂತು ಎಡಗೈಯಿಂದ ಟೊಮೆಟೊ ಆರಿಸುತ್ತಿದ್ದಳು, ಹಣ್ಣು ಕಾಯಿ ಎಲ್ಲ ಒಂದೇ ಬುಟ್ಟಿಗೆ. ಮಗಳ ಮೈಮೇಲೆ ನೀಲಿ ಕೋಟು ಇರಲಿಲ್ಲ. ಎದೆಯ ಮೇಲೆ ಕಂಪ್ನಿ ಮನೆಯ ಚಿತ್ರವಿದ್ದ ಹಸಿರು ಟೀ ಶರ್ಟು ಇತ್ತು. ಅಮ್ಮನನ್ನು ದಿನವಿಡೀ ಒಂಟಿಯಾಗಿ ಬಿಡುವಂತಿಲ್ಲ, ಹೊಸೂರಿನ ಶಿಫ್ಟು ಆಗುವುದಿಲ್ಲ, ನಡೆದುಹೋಗುವಷ್ಟು ದೂರದಲ್ಲಿ ಸಿಗುವ ಕೆಲಸ ಅದೊಂದೇ ಎಂದಳು. ತಗ್ಗುಕೋಣೆಯನ್ನು ಈಗ ಅವಳು ಒರೆಸುತ್ತಾಳೆ.

ನನ್ನ ಮುಖ ನೋಡಿ ಅವಳೇ ಹೇಳಿದಳು.

"ಎದ್ರುಕೋಬೇಡಿ ಮೇಡಂ. ಅಮ್ಮನ್ ಕೋಲು ನೀರಿನ್ ಟ್ಯಾಂಕ್ ಇಂದೆ ಮಡಗಿವ್ನಿ. ಮೇನೇಜರ್ ಬರಾಕ್ ಮುಂಚೆ ದೀಪ ಇಳಿಸ್ತೀನಿ. ಆರೋದ್ರೆ ಬೀಗ ಕೆಟ್ಟೋಗೈತೆ ಅಂತ ರೂಮ್ ತೆಗ್ಯಲ್ಲ. ವರ್ಸೋವಾಗ ಬಾಗ್ಲಿಗೆ ಬಕೆಟ್ಟು ಅಡ್ಡ ಇಕ್ತೀನಿ. ಕಿಂಡಿ ಸಿಮೆಂಟ್ನ ಒಸಿ ಒಸಿ ಕೆರೀತಾ ಇವ್ನಿ."

"ಮತ್ತೆ ನನ್ನ ಚೆಕ್‌ಲಿಸ್ಟ್ ಹಾಳೆ?"

ಟಿಕ್ ಹಾಕುವುದಕ್ಕೆ ದಿನಕ್ಕೊಂದು ಜೆರಾಕ್ಸ್ ಪ್ರತಿ ಕೊಡುತ್ತಿದ್ದರು, ಅವಳು ಗೋಡೆಯ ಮೊಳೆಯಿಂದ ಆ ದಿನದ್ದನ್ನು ತೆಗೆದುಕೊಟ್ಟಳು. ಅದೇ ನಲವತ್ತೊಂದು ಸಾಲು, ಅದೇ ಚಿತ್ರಗಳು. ಒಂಬತ್ತು, ಹದಿನೇಳು, ಇಪ್ಪತ್ತೆರಡರ ಮುಂದೆ ಖಾಲಿ ಬಿಟ್ಟಿದ್ದಳು.

"ಟಿಕ್ ಇಲ್ದಿದ್ರೆ ಮೇನೇಜರ್ ಬೈತಾರೆ. ಮಾಡ್ದಿರೋ ಕೆಲ್ಸಕ್ಕೆ ಎಂಗಾಕ್ಲಿ ಅಂತ ಬುಟ್ಟಿವ್ನಿ. ಸಂಜೆ ಕೇಳ್ತಾರೆ."

ಮಾಡದ ತಪಾಸಣೆಗೆ ಟಿಕ್ ಹಾಕಿದ ಇಬ್ಬರನ್ನು ನಾನು ಕಾರ್ಖಾನೆಯಿಂದ ಹೊರಗೆ ಹಾಕಿಸಿದವಳು. ಅವರಲ್ಲೊಬ್ಬ, ಹೆಂಡತಿ ಬಸುರಿ ಎಂದು ಕೈಮುಗಿದಿದ್ದ, ನಾನು ಕರಗಿರಲಿಲ್ಲ. ಸುಳ್ಳು ಟಿಕ್‌ಗಳನ್ನು ಹಿಡಿಯುವುದು ಸುಲಭ. ಎಲ್ಲವೂ ಒಂದೇ ಉಸಿರಿನಲ್ಲಿ ಹಾಕಿದಂತೆ ಒಂದೇ ಓರೆಗೆ ವಾಲಿರುತ್ತವೆ, ಶಾಯಿ ಒಂದೇ ದಪ್ಪವಾಗಿರುತ್ತದೆ, ಹಾಳೆಯ ಮೇಲೆ ಒದ್ದೆ ಬೆರಳಿನ ಗುರುತು ಇರುವುದಿಲ್ಲ. ನಾನು ಅವಳ ಪಕ್ಕ ಜಗಲಿಯ ಮೇಲೆ ಕೂತೆ. ಪೆನ್ನು ತೆಗೆದುಕೊಂಡು ತೋರಿಸಿಕೊಟ್ಟೆ. ಒಂಬತ್ತಕ್ಕೆ ಬೆಳಗ್ಗೆ ಬಂದ ತಕ್ಷಣ ಹಾಕು, ಒತ್ತಿ ಹಾಕು. ಹದಿನೇಳಕ್ಕೆ ಸ್ವಲ್ಪ ಬಿಟ್ಟು, ಆತುರದಲ್ಲಿದ್ದಂತೆ. ಇಪ್ಪತ್ತೆರಡಕ್ಕೆ ಒರೆಸಿದ ಒದ್ದೆ ಕೈಯಿಂದಲೇ ಹಾಕು, ಸ್ವಲ್ಪ ಕಲೆಯಾಗಲಿ. ಆ ಮೂರರಲ್ಲಿ ಯಾವುದನ್ನೂ, ಯಾವತ್ತೂ, ಯಾರು ಹೇಳಿದರೂ ಮಾಡಬೇಡ.

ಹಳೆಯ ಹಾಳೆಯೊಂದರ ಹಿಂಬದಿಯಲ್ಲಿ ಮೂವತ್ತು ದಿನದ ಟಿಕ್‌ಗಳನ್ನು ಅಭ್ಯಾಸ ಮಾಡಿಸಿದೆ. ಹುಡುಗಿ ಬೇಗ ಕಲಿತಳು.